ನೆಲನೆಲ್ಲಿಯ ಸಂಶೋಧನಾ ಲೇಖನ ಓದುವುದು ಹೇಗೆ?

ಕಾಸರಗೋಡು ಕಡೆಯ ಬದಿಯಡ್ಕದ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು, ಲಿವರ್ ಹೇಗಿದೆ ಎಂದು ತಿಳಿಸುವ ಬಿಲಿರುಬಿನ್, ಎಸ್‌ಜಿಪಿಟಿ ನೋಡಿ ರಿಪೋರ್ಟು ಕೊಡುವುದು ನನ್ನ ಕೆಲಸ. ಅರಶಿನ ಕಾಮಾಲೆಯವರು ರಿಪೋರ್ಟಿಗೆ ಕಾಯುತ್ತಾ ಮೊಬೈಲ್ ತೋರಿಸುವುದುಂಟು. "ಅಕ್ಕಾ, ನೆಲನೆಲ್ಲಿಯಲ್ಲಿ ಗುಣ ಆಗ್ತದೆ ಅಂತ ನೊಬೆಲ್ ಬಂದವರೇ ಬರೆದಿದ್ದಾರಂತೆ, ನೋಡಿ." ಹಾಗೊಂದು ಲೇಖನ ನಿಜಕ್ಕೂ ಇದೆ. ಅದನ್ನು ನೀವೇ ಓದಿ ತೂಗಿ ನೋಡಬಹುದು. ಅದಕ್ಕೆ ಡಾಕ್ಟರಿಕೆ ಕಲಿತಿರಬೇಕಾಗಿಲ್ಲ.

ಮೊದಲು ಫಾರ್ವರ್ಡ್ ಬದಿಗಿಟ್ಟು ಮೂಲ ಹುಡುಕಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ತಾಣಕ್ಕೆ ದುಡ್ಡು ಬೇಡ. ಗಿಡದ ವೈಜ್ಞಾನಿಕ ಹೆಸರು ಫಿಲಾಂಥಸ್ ಅಮಾರಸ್ (Phyllanthus amarus), ಜೊತೆಗೆ ಸಂಶೋಧಕರ ಹೆಸರು, ಎರಡನ್ನೂ ಇಂಗ್ಲಿಷಿನಲ್ಲಿ ಹಾಕಿ. ಪೂರ್ತಿ ಲೇಖನಕ್ಕೆ ಕೆಲವೊಮ್ಮೆ ಹಣ ಕೇಳುತ್ತಾರೆ. ಸಾರಾಂಶ ಸಿಕ್ಕಿದರೂ ಸದ್ಯಕ್ಕೆ ಸಾಕು.

ಈ ಲೇಖನ ಬಂದದ್ದು 1988ರಲ್ಲಿ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ. ಮೊದಲ ಹೆಸರು ಮದ್ರಾಸಿನ ಎಸ್.ಪಿ. ತ್ಯಾಗರಾಜನ್ (Thyagarajan) ಅವರದು. ಜೊತೆಗಿದ್ದವರಲ್ಲಿ ಬರೂಚ್ ಬ್ಲಂಬರ್ಗ್ ಒಬ್ಬರು. ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿದವರು, 1976ರಲ್ಲಿ ನೊಬೆಲ್ ಪಡೆದವರು. ಆ ನೊಬೆಲಿಗೂ ನೆಲನೆಲ್ಲಿಗೂ ಸಂಬಂಧವಿಲ್ಲ.

ಮುಂದೆ ನೋಡಬೇಕಾದ್ದು, ಪ್ರಯೋಗ ಯಾರ ಮೇಲೆ ನಡೆಯಿತು ಅಂತ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮದ್ರಾಸಿನಲ್ಲಿ ಮದ್ದು ತೆಗೆದುಕೊಂಡವರು ಹೆಪಟೈಟಿಸ್ ಬಿ ವೈರಸ್ಸನ್ನು ದೀರ್ಘಕಾಲದಿಂದ ಮೈಯಲ್ಲಿ ಹೊತ್ತವರು. ಕೆಟ್ಟ ನೀರು, ಆಹಾರದಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಅದರ ಕಥೆಯೇ ಬೇರೆ. ಹೆಚ್ಚಿನವರಿಗೆ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಏನು ಕುಡಿದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ, ಅಲ್ವಾ? ನೆರೆಮನೆಯ ಮಾವನಿಗೆ ಗುಣವಾಯಿತು ಎನ್ನುವುದರಿಂದ ಮದ್ದಿನ ಬಗ್ಗೆ ಏನೂ ಗೊತ್ತಾಗದೇ ಇರುವುದು ಇದಕ್ಕೇ. ಮದ್ದು ಸಿಗದ ಗುಂಪು ಒಂದು ಪಕ್ಕದಲ್ಲಿ ಇರಲೇಬೇಕು.

1988ರ ಪ್ರಯೋಗದಲ್ಲಿ ಅಂಥ ಗುಂಪು ಇತ್ತು. 30 ದಿನ ಗಿಡದ ಮದ್ದು ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು, ಅಂದರೆ ಎಚ್‌ಬಿಎಸ್‌ಎಜಿ, ಆಮೇಲೆ ಕಾಣಲಿಲ್ಲ. ಸುಳ್ಳು ಮದ್ದು, ಅಂದರೆ ನೋಡಲು ಮದ್ದಿನಂತಿದ್ದು ಒಳಗೆ ಮದ್ದಿಲ್ಲದ್ದು, ಕೊಟ್ಟ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಶೇಕಡಾ 59 ಎಲ್ಲಿ, 4 ಎಲ್ಲಿ! ಆಸೆ ಹುಟ್ಟುವುದು ಸಹಜ. ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಒಟ್ಟು 60 ಜನ. ಮದ್ದು ಮುಗಿದು 15ರಿಂದ 20 ದಿನಕ್ಕೆ ಪರೀಕ್ಷೆ. ಬರೆದವರೇ ಅದನ್ನು ಆರಂಭಿಕ ಅಧ್ಯಯನ ಎಂದಿದ್ದಾರೆ. ಫಾರ್ವರ್ಡ್ ಮಾಡುವವರು ಆ ಮಾತನ್ನು ಬಿಟ್ಟುಬಿಡುತ್ತಾರೆ.

ಇನ್ನು, ಬೇರೆಯವರು ಮಾಡಿ ನೋಡಿದಾಗ ಏನಾಯಿತು? ಪಬ್‌ಮೆಡ್‌ನಲ್ಲಿ ಲೇಖನದ ಕೆಳಗೆ, ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳ ಪಟ್ಟಿ ಇರುತ್ತದೆ. ಬಿಡದೆ ನೋಡಿ. 1990ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಥಾಯ್ಲೆಂಡಿನವರು ಬರೆದರು, ಎಚ್‌ಬಿಎಸ್‌ಎಜಿ ಹೋಗಲಿಲ್ಲ ಅಂತ. 2011ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗುವ ಕೊಕ್ರೇನ್ ಸಂಸ್ಥೆಯವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಸುಳ್ಳು ಮದ್ದಿಗಿಂತ ಈ ಗಿಡ ಮೇಲು ಎನ್ನಲು ನಂಬುವಂಥ ಪುರಾವೆ ಸಿಗಲಿಲ್ಲ.

ಪ್ರಯೋಗ ಇಲಿಯ ಮೇಲೋ, ಗಾಜಿನ ನಳಿಕೆಯಲ್ಲೋ ಎಂದಿದ್ದರೆ ಆ ಲೇಖನ ಬಿಟ್ಟು ಮುಂದೆ ಹೋಗಿ. ಮದ್ದಿನ ರೂಪವನ್ನೂ ನೋಡಿ. ಪ್ರಯೋಗದಲ್ಲಿ ಅಳತೆ ಮಾಡಿ ಕೊಡುತ್ತಾರೆ. ನಮ್ಮಲ್ಲಿ ತೋಟದ ಬದಿಯಿಂದ ಒಂದು ಹಿಡಿ ಕಿತ್ತು ಮಜ್ಜಿಗೆಗೆ ಅರೆಯುತ್ತಾರೆ. ನೋಡಲು ಅದರಂತೆಯೇ ಇರುವ ಬೇರೆ ಗಿಡವೂ ಅದರಲ್ಲಿ ಸೇರಬಹುದು. ನಮ್ಮತ್ತೆ ಈಗಲೂ ಅರೆಯುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ, ರಕ್ತಪರೀಕ್ಷೆ ಮಾತ್ರ ತಪ್ಪಿಸುವುದಿಲ್ಲ.

ಓದಿ ಆದ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ: ಯಾವ ಮದ್ದು, ಯಾವಾಗಿನಿಂದ, ಎಷ್ಟು. ಹಳ್ಳಿಮದ್ದನ್ನೂ ಬಿಡಬೇಡಿ. ಅಮೃತಬಳ್ಳಿಯಿಂದ ಕೆಲವರ ಲಿವರ್ ಕೆಟ್ಟ ವರದಿಗಳಿವೆ. ಚೀಟಿಯನ್ನು ಡಾಕ್ಟರಿಗೆ ಕೊಡಿ. ಕಾಮಾಲೆಯವರಿಗೆ ವಿಪರೀತ ನಿದ್ದೆ, ಮಾತು ತಪ್ಪುವುದು, ವಸಡಿನಲ್ಲಿ ರಕ್ತ ಕಂಡರೆ ಲೇಖನ ಹುಡುಕುತ್ತಾ ಕೂರಬೇಡಿ. ಕಾಸರಗೋಡಿಗೋ ಮಂಗಳೂರಿಗೋ, ಬೇಗ ತಲುಪುವ ದೊಡ್ಡ ಆಸ್ಪತ್ರೆಗೆ ಆಗಲೇ ಹೊರಡಿ.