ಚದುರಿದ ಅಲೆಗಳ ಬಾಲ ಹಿಡಿದು ರಿಸರ್ವಾಯರ್‌ನ ದ್ರವ ಬದಲಾವಣೆ ಅಳೆಯುವುದು

ಭೂಕಂಪನ ದಾಖಲೆಯಲ್ಲಿ ಪಿ (ಒತ್ತಿ ಹಿಗ್ಗಿಸುತ್ತಾ ಸಾಗುವ) ಮತ್ತು ಎಸ್ (ಅಡ್ಡಕ್ಕೆ ಅಲುಗಿಸುತ್ತಾ ಸಾಗುವ) ಅಲೆಗಳು ಬಂದುಹೋದ ಮೇಲೂ ಅದುರುತ್ತಾ ನಿಧಾನಕ್ಕೆ ಸವೆಯುವ ಬಾಲವೊಂದು ಉಳಿಯುತ್ತದೆ. ಅದೇ ಕೋಡಾ. ಬಿರುಕು, ಪದರಗಳಿಗೆ ಹತ್ತಾರು ಸಲ ಬಡಿದು, ಚದುರಿ, ಸುತ್ತಿ ಬಳಸಿ ಬಂದ ಅಲೆಗಳಿವು. ದಾರಿ ಉದ್ದವಾದಷ್ಟೂ ವಿಳಂಬ ಕೂಡುತ್ತಾ ಹೋಗುವುದರಿಂದ, ನೇರ ಅಲೆಯಲ್ಲಿ ಕಾಣದ 0.1% ವೇಗ ಬದಲಾವಣೆಯೂ ಇಲ್ಲಿ ಸಿಕ್ಕಿಬೀಳುತ್ತದೆ. ರಿಸರ್ವಾಯರ್ ಎಂದರೆ ಇಲ್ಲಿ ಅಣೆಕಟ್ಟಿನ ಜಲಾಶಯವಲ್ಲ, ರಂಧ್ರಗಳಲ್ಲಿ ನೀರು, ಅನಿಲ ತುಂಬಿಕೊಂಡ ನೆಲದಾಳದ ಬಂಡೆ.

ಉಪಕರಣ ಕೊಳ್ಳುವ ಮೊದಲು ಒಂದು ವಿಷಯ ಗೊತ್ತಿರಲಿ. ಕೋಡಾದ ಶಕ್ತಿಯಲ್ಲಿ ಎಸ್ ಪಾಲು ಪಿ ಪಾಲಿನ ಸುಮಾರು 10 ಪಟ್ಟು. ದ್ರವಕ್ಕೆ ಶಿಯರ್ ಬಿಗುವಿಲ್ಲ, ಅಂದರೆ ಅಡ್ಡಕ್ಕೆ ಜರುಗಿಸಿದರೆ ಅದು ತಡೆಯೊಡ್ಡದು. ನೀರಿನ ಜಾಗಕ್ಕೆ ಅನಿಲ ಬಂದರೆ ಪಿ ವೇಗ ಕುಸಿಯುತ್ತದೆ, ಎಸ್ ವೇಗ ಮಾತ್ರ ಸಾಂದ್ರತೆ ಇಳಿದಷ್ಟು ಚೂರು ಏರುತ್ತದೆ. ಹಾಗಾಗಿ ಕೋಡಾ ಚೆನ್ನಾಗಿ ಹಿಡಿಯುವುದು ಒತ್ತಡವನ್ನು: ರಂಧ್ರಗಳಲ್ಲಿ ಒತ್ತಡ ಏರಿದರೆ ಬಿರುಕು ಸಡಿಲಗೊಂಡು ವೇಗ ಇಳಿಯುತ್ತದೆ. ಎಷ್ಟು ಭಾಗ ನೀರು, ಎಷ್ಟು ಭಾಗ ಅನಿಲ ಎಂದು ಇದೊಂದರಿಂದಲೇ ಹೇಳಹೊರಟರೆ ಎಡವುತ್ತೀರಿ.

ಆಳಕ್ಕೆ ತಕ್ಕ ಆವರ್ತನ ಆರಿಸಿ. ಕೋಡಾದೊಳಗಿನ ಮೇಲ್ಮೈ ಅಲೆ (ನೆಲದ ಮೇಲ್ಭಾಗದಲ್ಲಿ ಸಾಗುವುದು) ಸ್ಥೂಲವಾಗಿ ತನ್ನ ತರಂಗಾಂತರದ ಮೂರನೇ ಒಂದು ಭಾಗದ ಆಳವನ್ನು ನೋಡುತ್ತದೆ. ವೇಗ ಸೆಕೆಂಡಿಗೆ 2 ಕಿ.ಮೀ. ಇದ್ದು 0.5 ಹರ್ಟ್ಸ್ ಬಳಸಿದರೆ ತರಂಗಾಂತರ 4 ಕಿ.ಮೀ., ನೋಟ 1.3 ಕಿ.ಮೀ. ಆಸುಪಾಸು. ಅದೇ ವೇಗದಲ್ಲಿ 5 ಹರ್ಟ್ಸ್ ತೆಗೆದುಕೊಂಡರೆ 130 ಮೀಟರ್ ಅಷ್ಟೇ. ಕಾಣುವುದು ಅಂತರ್ಜಲ, ರಿಸರ್ವಾಯರ್ ಅಲ್ಲ. 0.5 ಹರ್ಟ್ಸ್‌ಗೆ 4.5 ಹರ್ಟ್ಸ್‌ನ ಅಗ್ಗದ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ) ಕಷ್ಟ, ನಿಧಾನದ ಕಂಪನವನ್ನೂ ಹಿಡಿಯುವ, ಬ್ರಾಡ್‌ಬ್ಯಾಂಡ್ ಸಂವೇದಕವೇ ಬೇಕು. ಅದನ್ನು ಹೂತಿಡಿ, ಜಿಪಿಎಸ್ ಗಡಿಯಾರ ಜೋಡಿಸಿ. ದ್ರವ ತುಂಬಲು ಶುರುಮಾಡುವ ಮೊದಲೇ, ಸಾಧ್ಯವಾದರೆ ಒಂದು ವರ್ಷ, ದಾಖಲಿಸಿ. ಮಳೆ, ಬಿಸಿಲಿನ ಏರಿಳಿತ ಗೊತ್ತಾಗದೆ ಮುಂದಿನದ್ದೆಲ್ಲ ಊಹೆ.

ಸ್ಫೋಟವಿಲ್ಲದಿದ್ದರೂ ಕಡಲ ಅಲೆಗಳು ಎಬ್ಬಿಸುವ ಸದಾಕಾಲದ ಸದ್ದು ಸಾಕು. ದಾಖಲೆಯನ್ನು 30 ನಿಮಿಷದ ತುಂಡುಗಳಾಗಿಸಿ. ಟ್ರೆಂಡ್ ತೆಗೆದು, ಫಿಲ್ಟರ್ ಮಾಡಿ, ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ಸಮತಟ್ಟಾಗಿಸಿ, ಒನ್-ಬಿಟ್ ಮಾಡಿ (ಅಂದರೆ +, − ಚಿಹ್ನೆಯನ್ನಷ್ಟೇ ಉಳಿಸಿ), ಎರಡೆರಡು ಕೇಂದ್ರಗಳ ನಡುವೆ ಕ್ರಾಸ್-ಕೊರಿಲೇಷನ್ ಹಾಕಿ, ಅಂದರೆ ಒಂದರ ದಾಖಲೆಯನ್ನು ಸರಿಸುತ್ತಾ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆಂದು ನೋಡಿ. ಸಿಗುವುದು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿದ ಅಲೆಯಂಥ ದಾಖಲೆ: + ಸಮಯದ ಬದಿ ಒಂದು ದಿಕ್ಕಿನದು, − ಸಮಯದ ಬದಿ ಎದುರು ದಿಕ್ಕಿನದು. ದಿನದ ಸ್ಟ್ಯಾಕ್ (ಎಲ್ಲ ತುಂಡುಗಳ ಸರಾಸರಿ), ಆಮೇಲೆ 5ರಿಂದ 10 ದಿನಗಳ ಚಲಿಸುವ ಸ್ಟ್ಯಾಕ್. ಉಚಿತವಾಗಿ ಸಿಗುವ ಎಂಎಸ್‌ನಾಯ್ಸ್ ತಂತ್ರಾಂಶ ಈ ಸರಣಿಯನ್ನು ನಡೆಸಿಕೊಡುತ್ತದೆ.

ಅಳತೆಗೆ ಸ್ಟ್ರೆಚಿಂಗ್ ವಿಧಾನ ಸುಲಭ. ಮೂಲ ಸ್ಟ್ಯಾಕನ್ನು −1%ರಿಂದ +1%ವರೆಗೆ 0.01% ಹೆಜ್ಜೆಯಲ್ಲಿ ಹಿಗ್ಗಿಸಿ ಕುಗ್ಗಿಸಿ, ಇಂದಿನದಕ್ಕೆ ಯಾವುದು ಚೆನ್ನಾಗಿ ಕೂರುತ್ತದೆಂದು ನೋಡುವುದು. ನೇರ ಅಲೆ ಕಿಟಕಿಯೊಳಗೆ (ಅಳತೆಗೆ ಆರಿಸಿದ ಸಮಯದ ತುಂಡಿನೊಳಗೆ) ಬರಬಾರದು: ಕೇಂದ್ರಗಳ ಅಂತರ 6 ಕಿ.ಮೀ. ಇದ್ದರೆ ಅದು 3 ಸೆಕೆಂಡಿಗೇ ಮುಟ್ಟುತ್ತದೆ, ಕಿಟಕಿಯನ್ನು 10ರಿಂದ 40 ಸೆಕೆಂಡಿಗಿಡಿ. ಹೋಲಿಕೆ (ಪೂರ್ತಿ ಹೊಂದಿದರೆ 1) 0.6ಕ್ಕಿಂತ ಕೆಳಗಿಳಿದ ದಿನಗಳನ್ನು ನಾವು ಬಿಟ್ಟುಬಿಡುತ್ತೇವೆ. ಆದರೆ ಹೋಲಿಕೆ ಕುಸಿದದ್ದೂ ಸುದ್ದಿಯೇ; ಚದುರಿಸುವ ಬಿರುಕುಗಳೇ ಬದಲಾಗಿರಬಹುದು.

ಉದಾಹರಣೆಗೆ, +20 ಸೆಕೆಂಡಿನ ಶಿಖರ 20.02ಕ್ಕೆ ಸರಿದಿದೆ ಎನ್ನಿ. ವೇಗ ಬದಲಾವಣೆ −0.02/20, ಅಂದರೆ −0.1%. ಸಂಭ್ರಮಿಸುವ ಮೊದಲು −20ರ ಬದಿ ನೋಡಿ. ಅದು −20.02ಕ್ಕೆ ಹೋಗಿದ್ದರೆ ಬಂಡೆಯೇ ನಿಧಾನವಾಗಿದೆ. −19.98ಕ್ಕೆ ಬಂದಿದ್ದರೆ ಗಡಿಯಾರ ಕೆಟ್ಟಿದೆ, ಬಂಡೆ ಇದ್ದಂತೆಯೇ ಇದೆ. ವಿಳಂಬ ಅರ್ಧ ಆವರ್ತಕ್ಕಿಂತ ಹೆಚ್ಚಾದರೆ ಪಕ್ಕದ ಶಿಖರಕ್ಕೆ ಲೆಕ್ಕ ಜಾರುತ್ತದೆ. 1 ಹರ್ಟ್ಸ್‌ನಲ್ಲಿ 50 ಸೆಕೆಂಡಿನ ಲ್ಯಾಗ್‌ಗೆ (ಕೊರಿಲೇಷನ್‌ನಲ್ಲಿನ ಸಮಯಕ್ಕೆ) 1% ಬದಲಾವಣೆ ಎಂದರೆ ಆ ಅಂಚಿಗೇ ಬಂದಂತೆ.

ಎಲ್ಲಕ್ಕಿಂತ ಮೋಸ ಮಾಡುವುದು ಪಂಪು. ದ್ರವ ತುಂಬಲು ಶುರುವಾದ ದಿನವೇ ವೇಗವೂ ಬದಲಾದರೆ ಉತ್ತರ ಸಿಕ್ಕಿತೆಂದೇ ಅನಿಸುತ್ತದೆ. ಆದರೆ ನಿಮಿಷಕ್ಕೆ 60 ಸಲ ಬಡಿಯುವ ಪಿಸ್ಟನ್ ಪಂಪು 1 ಹರ್ಟ್ಸ್‌ನ ಹೊಸ ಸದ್ದು. ಸದ್ದಿನ ಮೂಲ ಅಥವಾ ಆವರ್ತನ ಬದಲಾದರೂ ಸ್ಟ್ರೆಚಿಂಗ್ ಸುಳ್ಳು ಹಿಗ್ಗುವಿಕೆ ತೋರಿಸುತ್ತದೆ. ಕಚ್ಚಾ ಸ್ಪೆಕ್ಟ್ರಮ್ ತೆರೆದು ಚೂಪಾದ ಗೆರೆ ಎದ್ದಿದೆಯೇ ನೋಡಿ, ಆ ಪಟ್ಟಿ ಬಿಟ್ಟು ಮತ್ತೆ ಅಳೆಯಿರಿ. ಪಂಪು ನಿಂತ ಗಂಟೆಗಳಲ್ಲೂ ಬದಲಾವಣೆ ಉಳಿದು, ಬಾವಿಯ ಒತ್ತಡಮಾಪಕದ ಜೊತೆಗೇ ನಿಧಾನಕ್ಕೆ ಇಳಿದರೆ ಮಾತ್ರ ಅದನ್ನು ರಿಸರ್ವಾಯರ್ ಲೆಕ್ಕಕ್ಕೆ ಬರೆಯಿರಿ.