‘ದಿ ಪಿಯಾನಿಸ್ಟ್’ ಚಿತ್ರವನ್ನು ಕಿವಿಗೊಟ್ಟು ನೋಡುವ ಬಗೆ

ರೋಮನ್ ಪೊಲಾನ್‌ಸ್ಕಿ ನಿರ್ದೇಶನದ, 2002ರಲ್ಲಿ ತೆರೆಕಂಡ ‘ದಿ ಪಿಯಾನಿಸ್ಟ್’ ಸುಮಾರು ಎರಡೂವರೆ ಗಂಟೆಯ ಚಿತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಬದುಕುಳಿದ ಯಹೂದಿ ಪಿಯಾನೊ ವಾದಕ ವ್ಲಾಡಿಸ್ಲಾವ್ ಷ್ಪಿಲ್ಮನ್‌ರ ನಿಜಕಥೆ ಇದು. ಅದನ್ನು ನಡುವೆ ನಿಲ್ಲಿಸದೆ ಒಂದೇ ಬಾರಿಗೆ ನೋಡಿ. ಸಾಧ್ಯವಾದರೆ ಒಳ್ಳೆಯ ಸ್ಪೀಕರ್ ಅಥವಾ ಹೆಡ್‌ಫೋನ್ ಬಳಸಿ, ಏಕೆಂದರೆ ಈ ಚಿತ್ರದ ಅರ್ಧ ಕಥೆ ಕೇಳಿಸುವುದರಲ್ಲಿಯೂ ಕೇಳಿಸದೆ ಹೋಗುವುದರಲ್ಲಿಯೂ ಇದೆ. ಜರ್ಮನ್ ಸಂಭಾಷಣೆಗಳೂ ಬರುವುದರಿಂದ ಸಬ್‌ಟೈಟಲ್ ಇರಲಿ.

ನೋಡುವ ಮುನ್ನ ಕೆಲವು ದಿನಾಂಕಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದ್ದು 1939ರ ಸೆಪ್ಟೆಂಬರ್ 1ರಂದು. 1940ರ ನವೆಂಬರ್‌ನಲ್ಲಿ ವಾರ್ಸಾದ ಯಹೂದಿಗಳನ್ನು ಗೋಡೆಯೊಳಗಿನ ಘೆಟ್ಟೊದಲ್ಲಿ ಕೂಡಿಹಾಕಲಾಯಿತು. ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬದುಕಬೇಕಾಯಿತು. 1942ರ ಜುಲೈ 22ರಿಂದ ಎರಡು ತಿಂಗಳಲ್ಲಿ ಸುಮಾರು 2,65,000 ಮಂದಿಯನ್ನು ರೈಲಿನಲ್ಲಿ ಟ್ರೆಬ್ಲಿಂಕಾದ ಹತ್ಯಾಶಿಬಿರಕ್ಕೆ ಸಾಗಿಸಲಾಯಿತು. ಘೆಟ್ಟೊದ ದಂಗೆ 1943ರ ಏಪ್ರಿಲ್‌ನಲ್ಲಿ ನಡೆಯಿತು, ಇಡೀ ನಗರದ ದಂಗೆ 1944ರ ಆಗಸ್ಟ್‌ನಲ್ಲಿ. ಇವೆರಡೂ ಬೇರೆ ಬೇರೆ ಎಂಬುದು ತಿಳಿಯದಿದ್ದರೆ ಚಿತ್ರದ ಉತ್ತರಾರ್ಧ ಗೊಂದಲವೆನಿಸುತ್ತದೆ.

ನೋಡುವಾಗ ಪಿಯಾನೊ ಎಲ್ಲೆಲ್ಲಿ ನುಡಿಯುತ್ತದೆ ಎಂಬುದರ ಮೇಲೆ ಗಮನವಿಡಿ. ವ್ಲಾಡಿಸ್ಲಾವ್ ಷ್ಪಿಲ್ಮನ್ ಪೋಲಿಷ್ ರೇಡಿಯೊದಲ್ಲಿ ಪೋಲಿಷ್ ಸಂಗೀತ ರಚನಕಾರ ಶೋಪಾನ್‌ನ ನಾಕ್ಟರ್ನ್ (ರಾತ್ರಿಯ ಭಾವದ ಶಾಂತ ಪಿಯಾನೊ ಕೃತಿ) ನುಡಿಸುತ್ತಿರುವಾಗಲೇ ಬಾಂಬುಗಳು ಬೀಳುತ್ತವೆ. ಆಮೇಲೆ ಘೆಟ್ಟೊದ ಹೋಟೆಲಿನಲ್ಲಿ, ಹೊಟ್ಟೆಪಾಡಿಗಾಗಿ ಅವನು ನುಡಿಸುತ್ತಾನೆ. ಕುಟುಂಬವನ್ನೆಲ್ಲ ರೈಲಿಗೆ ಹತ್ತಿಸಿದ ಮೇಲೆ ಸಂಗೀತ ಬಹುಪಾಲು ಇಲ್ಲವಾಗುತ್ತದೆ. ಅಡಗಿಕೊಂಡ ಮನೆಯೊಂದರಲ್ಲಿ ಪಿಯಾನೊ ಇದೆ, ಆದರೆ ಸದ್ದಾದರೆ ಸಾವು. ಅವನ ಬೆರಳುಗಳು ಕೀಲಿಮಣೆಯನ್ನು ಮುಟ್ಟದೆ ಗಾಳಿಯಲ್ಲಿ ಆಡುತ್ತವೆ, ಅವನ ಮನಸ್ಸಿನೊಳಗಿನ ಸಂಗೀತ ಮಾತ್ರ ನಮಗೆ ಕೇಳಿಸುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯಂತ ನೋವಿನ ಗಳಿಗೆ ಇದೇ, ಗುಂಡೇಟಿನ ಯಾವ ದೃಶ್ಯವೂ ಅಲ್ಲ.

ಕ್ಯಾಮೆರಾ ಬಹುತೇಕ ಅವನನ್ನು ಬಿಟ್ಟು ಹೋಗುವುದಿಲ್ಲ ಎಂಬುದನ್ನೂ ಗಮನಿಸಿ. ಘೆಟ್ಟೊದ ದಂಗೆಯನ್ನು ನಾವು ಅವನೊಂದಿಗೆ ಕಿಟಕಿಯಿಂದಲೇ ನೋಡಬೇಕು. ಹೋರಾಡದೆ ಅಡಗಿ ಕುಳಿತವನನ್ನು ಹೇಡಿಯೆಂದು ಎಣಿಸುವ ಆತುರ ಬೇಡ. ಪೊಲಾನ್‌ಸ್ಕಿ ಸ್ವತಃ ಬಾಲ್ಯದಲ್ಲಿ ಕ್ರಾಕೋವ್ ಘೆಟ್ಟೊದಿಂದ ಪಾರಾದವರು, ಅವರ ತಾಯಿ ಆಶ್‌ವಿಟ್ಜ್‌ನಲ್ಲಿ ಕೊಲೆಯಾದವರು. ಬದುಕುಳಿಯುವುದೆಂದರೆ ಏನೆಂದು ಅವರು ಹೊರಗಿನಿಂದ ಊಹಿಸಿ ಹೇಳುತ್ತಿಲ್ಲ.

ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ಪ್ರೌಢಶಾಲೆಯ ಕೊನೆಯ ವರ್ಷಗಳವರೆಗೆ ಕಾಯಿರಿ. ಗಾಲಿಕುರ್ಚಿಯಲ್ಲಿದ್ದ ವೃದ್ಧರನ್ನು ಮಹಡಿಯಿಂದ ಎಸೆಯುವಂಥ ದೃಶ್ಯಗಳಿರುವುದನ್ನು ಮೊದಲೇ ಹೇಳಿ, ಮುಗಿದ ಮೇಲೆ ಮಾತನಾಡಲು ಸಮಯ ಉಳಿಸಿಕೊಳ್ಳಿ.

ಅನಂತರ ಷ್ಪಿಲ್ಮನ್‌ರ ಆತ್ಮಕಥನವನ್ನು ಓದಿ. 1946ರಲ್ಲಿಯೇ ಪ್ರಕಟವಾದ ಆ ಬರಹದಲ್ಲಿ, ಜರ್ಮನ್ ಅಧಿಕಾರಿ ವಿಲ್ಮ್ ಹೋಸೆನ್‌ಫೆಲ್ಡ್ ಎದುರು ಅವರು ನುಡಿಸುವುದು ರೇಡಿಯೊದಲ್ಲಿ ನುಡಿಸಿದ್ದ ಅದೇ ನಾಕ್ಟರ್ನ್. ಚಿತ್ರದಲ್ಲಿ ಅದರ ಬದಲು ಶೋಪಾನ್‌ನ ಮೊದಲನೆಯ ಬ್ಯಾಲಡ್ (ಕಥನದ ಧಾಟಿಯ ದೀರ್ಘ ಪಿಯಾನೊ ಕೃತಿ) ಬರುತ್ತದೆ. ಎರಡನ್ನೂ ಕೇಳಿ, ಆ ಬದಲಾವಣೆಯಿಂದ ದೃಶ್ಯಕ್ಕೆ ಏನಾಗಿದೆ ಎಂದು ನೀವೇ ತೂಗಿ ನೋಡಿ. ಷ್ಪಿಲ್ಮನ್‌ರಿಗೆ ಆಹಾರ ತಂದುಕೊಟ್ಟ ಹೋಸೆನ್‌ಫೆಲ್ಡ್ 1952ರಲ್ಲಿ ಸೋವಿಯತ್ ಸೆರೆಯಲ್ಲಿ ತೀರಿಕೊಂಡರು. 1998ರ ಜರ್ಮನ್ ಆವೃತ್ತಿಯಲ್ಲಿ ಅವರ ದಿನಚರಿಯ ಭಾಗಗಳೂ ಸೇರಿವೆ. ತನ್ನದೇ ಸೈನ್ಯದ ಕೃತ್ಯಗಳ ಬಗ್ಗೆ ಅವರು ಪಟ್ಟ ನಾಚಿಕೆಯನ್ನು ಅಲ್ಲಿ ಅವರ ಮಾತುಗಳಲ್ಲಿಯೇ ಓದಬಹುದು.