ಮೇಳಕ್ಕೆ ಹೋಗುವಾಗ ನನ್ನ ಬ್ಯಾಗ್‌ನಲ್ಲಿ ಕಿಟಕಿಗಳ ಅಳತೆ ಇರುತ್ತದೆ

ಮೈಸೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುವವಳು ಬಟ್ಟೆ ನೋಡಲು ಮುಂಬೈವರೆಗೆ ಯಾಕೆ ಹೋಗಬೇಕು, ಅಂಗಡಿಯಲ್ಲೇ ಕ್ಯಾಟಲಾಗ್ ಇದೆಯಲ್ಲ ಅಂತ ಸುಮಾರು ಜನ ಕೇಳುತ್ತಾರೆ. ಕ್ಯಾಟಲಾಗ್‌ನಲ್ಲಿ ಇರುವುದು ಅಂಗೈಯಗಲದ ತುಂಡು. ಎಂಟು ಅಡಿ ಇಳಿಬಿಟ್ಟರೆ ಆ ಬಟ್ಟೆ ಹೇಗೆ ಬೀಳುತ್ತದೆ, ನೆರಿಗೆ ನಿಲ್ಲುತ್ತದಾ, ಹಿಂದಿನಿಂದ ಬಿಸಿಲು ಬಿದ್ದರೆ ಬಣ್ಣ ಏನಾಗುತ್ತದೆ, ಇದೆಲ್ಲ ಆ ತುಂಡಿನಲ್ಲಿ ಗೊತ್ತಾಗುವುದಿಲ್ಲ. ಮೇಳದಲ್ಲಿ ಇಡೀ ಥಾನು ಬಿಚ್ಚಿ ನೋಡಬಹುದು. ಅದಕ್ಕಿಂತ ಮುಖ್ಯ, ನೇಯಿಸಿದವರೇ ಎದುರಿಗೆ ನಿಂತಿರುತ್ತಾರೆ.

ನಾನು ಹೋಗಿದ್ದು ಮನೆಬಟ್ಟೆ, ಗೃಹಾಲಂಕಾರದ ವಸ್ತುಗಳ ಎಚ್‌ಜಿಎಚ್ ಇಂಡಿಯಾ ಮೇಳಕ್ಕೆ. ಮುಂಬೈನ ಗೋರೆಗಾಂವ್‌ನಲ್ಲಿರುವ ನೆಸ್ಕೋ ಆವರಣದ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ನಡೆದಿತ್ತು. ಲೋಕಲ್ ಟ್ರೈನ್‌ನಲ್ಲಿ ಹೋಗುವವರು ರಾಮ್ ಮಂದಿರ್ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಇದು ವ್ಯಾಪಾರದವರ ಮೇಳ, ಆದ್ದರಿಂದ ಮೊದಲೇ ಹೆಸರು ನೋಂದಾಯಿಸಿ, ವಿಸಿಟಿಂಗ್ ಕಾರ್ಡ್ ಸಾಕಷ್ಟು ಇಟ್ಟುಕೊಂಡು ಹೋಗಬೇಕು. ಕಾಲಿಗೆ ಹಳೆಯ, ಪಳಗಿದ ಚಪ್ಪಲಿಯೇ ಇರಲಿ.

ಆಗ ಕೈಯಲ್ಲಿ ಎರಡು ಮನೆಗಳಿದ್ದವು. ಒಂದು ವಿಜಯನಗರದಲ್ಲಿ, ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಸೋಫಾ ಮೇಲೆ. ಇನ್ನೊಂದು ಮಂಡ್ಯದ ಹತ್ತಿರ, ಕಬ್ಬಿನ ಗದ್ದೆ ಪಕ್ಕದ ಮನೆ. ಆ ಮನೆಯ ಅಮ್ಮನಿಗೆ ನಾನು ಚೆಂದದ ಲಿನನ್ ಸ್ಯಾಂಪಲ್ ತೋರಿಸಿದಾಗ ಬಟ್ಟೆಯನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, "ಚೆಂದಾಗೈತೆ ಕಣವ್ವ, ಒಗ್ಯಕ್ಕಾಯ್ತದಾ?" ಅಂದರು. ಆಲೆಮನೆ ಹೊಗೆ, ಗದ್ದೆ ದೂಳು, ಬೋರ್‌ವೆಲ್‌ನ ಗಡಸು ನೀರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನೇ ನಾನು ಪ್ರತಿ ಸ್ಟಾಲ್‌ನಲ್ಲೂ ಕೇಳಿದೆ.

ಒಳಗೆ ಹೋದ ಕೂಡಲೇ ಈ ವರ್ಷದ ಬಣ್ಣ, ಈ ವರ್ಷದ ಟ್ರೆಂಡ್ ಅಂತ ಅಲಂಕಾರ ಮಾಡಿದ ಜಾಗ ಸಿಗುತ್ತದೆ. ನೋಡಲು ಖುಷಿ. ನಾನು ಒಂದು ಸುತ್ತು ಹಾಕಿ ಮುಂದೆ ನಡೆದೆ. ನಮ್ಮಲ್ಲಿ ಒಮ್ಮೆ ಹಾಕಿಸಿದ ಪರದೆ ಎಂಟು ಹತ್ತು ವರ್ಷ ಇರಬೇಕು. ಒಂದು ವರ್ಷದ ಬಣ್ಣವನ್ನು ನಂಬಿ ಅವರ ದುಡ್ಡು ಹಾಕಿಸಲು ನನಗೆ ಮನಸ್ಸಿಲ್ಲ.

ಬೆಳಿಗ್ಗೆ ಮೊದಲ ಹೊತ್ತು ಸೋಫಾ ಬಟ್ಟೆಗೆ ಕೊಡಿ. ಆಗ ಸ್ಟಾಲ್‌ನವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ನಾನು ಮೊದಲು ಕೇಳುವುದು ಮಾರ್ಟಿಂಡೇಲ್ ಎಷ್ಟು ಅಂತ. ಬಟ್ಟೆಯನ್ನು ಯಂತ್ರದಲ್ಲಿ ಉಣ್ಣೆ ಬಟ್ಟೆಯ ಮೇಲೆ ಉಜ್ಜುತ್ತಾ ಹೋಗುತ್ತಾರೆ, ಎಳೆ ಕಿತ್ತುಬರುವವರೆಗೆ. ಎಷ್ಟು ಉಜ್ಜಿಗೆ ತಡೆಯಿತು ಅನ್ನುವುದೇ ಆ ಸಂಖ್ಯೆ. ದಿನಾ ಮಕ್ಕಳು ಕುಣಿಯುವ ಸೋಫಾಗೆ ನಾನು 25,000ಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಹೋಮ್‌ಸ್ಟೇ, ಆಫೀಸ್ ಆದರೆ 40,000ದ ಮೇಲೆ. ಕೆಲವರು ವೈಜೆನ್‌ಬೀಕ್ ಅನ್ನುವ ಅಮೆರಿಕದ ಪರೀಕ್ಷೆಯ ಸಂಖ್ಯೆ ಹೇಳುತ್ತಾರೆ. ಅದು ಬೇರೆ ಯಂತ್ರ, ಬೇರೆ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಬಾಯಿಮಾತಲ್ಲಿ "ತುಂಬಾ ಸ್ಟ್ರಾಂಗ್ ಮೇಡಂ" ಅಂದರೆ ಸಾಲದು, ಟೆಸ್ಟ್ ರಿಪೋರ್ಟ್ ಕೇಳಿ. ಇದ್ದವರು ತಕ್ಷಣ ತೆಗೆದು ತೋರಿಸುತ್ತಾರೆ.

ಪಶ್ಚಿಮದ ಕಿಟಕಿಗೆ ಬೇರೆ ಪ್ರಶ್ನೆ. ಬಿಸಿಲಿಗೆ ಬಣ್ಣ ಎಷ್ಟು ತಡೆಯುತ್ತದೆ ಅನ್ನುವುದನ್ನು ನೀಲಿ ಉಣ್ಣೆಯ ಪಟ್ಟಿಗಳ ಜೊತೆ ಹೋಲಿಸಿ 1ರಿಂದ 8ರವರೆಗೆ ಅಳೆಯುತ್ತಾರೆ. ನಾನು 5ಕ್ಕಿಂತ ಕೆಳಗಿನದನ್ನು ವಿಜಯನಗರದ ಆ ಹಾಲ್‌ಗೆ ಹಾಕುವುದಿಲ್ಲ, ಜೊತೆಗೆ ಹಿಂದೆ ಲೈನಿಂಗ್ ಬೇರೆ ಕೊಡಿಸುತ್ತೇನೆ. ಮೇಳದ ಒಳಗಿನ ಲೈಟ್‌ನಲ್ಲಿ ಎಲ್ಲ ಬಟ್ಟೆಯೂ ಮಿಂಚುತ್ತದೆ. ಒಂದು ಸ್ಟಾಲ್‌ನಲ್ಲಿ ಬೂದು ಬಣ್ಣದ ಬಟ್ಟೆ ತುಂಬಾ ಹಿಡಿಸಿತು. ಸ್ಯಾಂಪಲ್ ಹಿಡಿದು ಬಾಗಿಲ ಆಚೆ ಬಿಸಿಲಿಗೆ ಹೋಗಿ ನಿಂತೆ. ಬೂದು ಬಣ್ಣದ ಒಳಗಿಂದ ನೇರಳೆ ಎದ್ದು ಬಂತು! ಆ ಹಾಲ್‌ನ ಗೋಡೆಯ ಪೇಂಟ್ ಶೇಡ್ ಕಾರ್ಡ್ ನನ್ನ ಬ್ಯಾಗ್‌ನಲ್ಲೇ ಇತ್ತು. ಪಕ್ಕಕ್ಕೆ ಹಿಡಿದೆ, ಸುತರಾಂ ಹೊಂದಲಿಲ್ಲ. ಅಲ್ಲಿಗೆ ಬಿಟ್ಟೆ.

ಪನ್ನ, ಅಂದರೆ ಬಟ್ಟೆಯ ಅಗಲ, ಕೇಳುವುದನ್ನು ಮರೆಯಬೇಡಿ. ಹಣದ ಲೆಕ್ಕ ತಿರುಗುವುದೇ ಇಲ್ಲಿ. ಆರು ಅಡಿ ಅಗಲದ ಕಿಟಕಿ ಅಂದುಕೊಳ್ಳಿ. ನೆರಿಗೆ ಚೆನ್ನಾಗಿ ಬರಲು ಎರಡು ಪಟ್ಟು ಬಟ್ಟೆ ಬೇಕು, ಅಂದರೆ ಹನ್ನೆರಡು ಅಡಿ. 48 ಇಂಚಿನ ಪನ್ನ ಆದರೆ ಮೂರು ತುಂಡು. ಏಳು ಅಡಿ ಎತ್ತರಕ್ಕೆ ಮೇಲೆ ಕೆಳಗೆ ಮಡಿಕೆ ಸೇರಿಸಿ ಎಂಟು ಅಡಿ, 2.44 ಮೀಟರ್. ಒಟ್ಟು 7.32 ಮೀಟರ್. ಬಟ್ಟೆ ಮೇಲೆ ದೊಡ್ಡ ಹೂವಿದ್ದು, ಅದು 64 ಸೆಂಟಿಮೀಟರ್‌ಗೊಮ್ಮೆ ಮರುಕಳಿಸುತ್ತದೆ ಅಂದರೆ, ಹೂವು ಹೂವಿಗೆ ಕೂಡಿಸಲು ಪ್ರತಿ ತುಂಡು 2.56 ಮೀಟರ್ ಕತ್ತರಿಸಬೇಕು. ಒಟ್ಟು 7.68. ಇಡೀ ಮನೆಗೆ ಲೆಕ್ಕ ಹಾಕಿದರೆ ಸುಮ್ನೆ ಹೋಗುವ ಬಟ್ಟೆ ಕಡಿಮೆ ಏನಲ್ಲ. ಅದೇ 110 ಇಂಚಿನ ದೊಡ್ಡ ಪನ್ನ ಸಿಕ್ಕರೆ, ಬಟ್ಟೆಯನ್ನು ಅಡ್ಡಲಾಗಿ ತಿರುಗಿಸಿ ಪನ್ನವನ್ನೇ ಎತ್ತರ ಮಾಡಿಕೊಳ್ಳಬಹುದು. ನಾಲ್ಕು ಮೀಟರ್‌ಗೆ ಕೆಲಸ ಮುಗಿಯುತ್ತದೆ, ನಡುವೆ ಹೊಲಿಗೆಯೂ ಇಲ್ಲ. ಮೀಟರ್‌ಗೆ ರೇಟ್ ಜಾಸ್ತಿ ಅಂತ ಹೆದರುವ ಮೊದಲು ಈ ಲೆಕ್ಕ ಮಾಡಿ. ಉದ್ದ ಗೆರೆಯ ಡಿಸೈನ್ ಇದ್ದರೆ ಮಾತ್ರ ತಿರುಗಿಸಲು ಬರುವುದಿಲ್ಲ, ಗೆರೆ ಅಡ್ಡ ಬೀಳುತ್ತದೆ.

ಇನ್ನು ಆರ್ಡರ್ ಮಾತು. ಪಾಣಿಪತ್, ಕರೂರಿನ ಕಡೆಯ ದೊಡ್ಡ ತಯಾರಕರು ರಾಶಿ ರಾಶಿ ಆರ್ಡರ್ ನೋಡುವವರು. ನನಗೆ ಬೇಕಾದದ್ದು ಒಂದು ಮನೆಗೆ ಸಾಕಾಗುವಷ್ಟು. ಹಾಗಾಗಿ ಕುಳಿತ ಕೂಡಲೇ "ಕಟ್ ಲೆಂತ್ ಕೊಡುತ್ತೀರಾ, ಸ್ಟಾಕ್ ಇರುತ್ತಾ, ಬೆಂಗಳೂರಿನಲ್ಲಿ ಡಿಸ್ಟ್ರಿಬ್ಯೂಟರ್ ಯಾರು" ಅಂತ ಕೇಳಿಬಿಡುತ್ತೇನೆ. ಕಟ್ ಲೆಂತ್ ಅಂದರೆ ಇಡೀ ಥಾನು ಅಲ್ಲದೆ ಬೇಕಾದಷ್ಟೇ ಮೀಟರ್ ಕತ್ತರಿಸಿ ಕೊಡುವುದು. ಇಬ್ಬರ ಸಮಯವೂ ಉಳಿಯುತ್ತದೆ. ಕಣ್ಣೂರಿನ ಕೈಮಗ್ಗದ ಹತ್ತಿ ಬಟ್ಟೆ ಕಂಡರೆ ಮಾತ್ರ ನಾನು ನಿಂತೇ ನಿಲ್ಲುತ್ತೇನೆ. ಕಣ್ಣೂರಿನ ಗೃಹಬಟ್ಟೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ನಮಗೆ ಹುಣಸೂರು, ವಿರಾಜಪೇಟೆ, ಮಾಕುಟ್ಟ ದಾಟಿದರೆ ಕಣ್ಣೂರು. ಮೈಸೂರಿನ ಡಿಸೈನರ್‌ಗಳು ಆ ಕಡೆ ಇನ್ನೂ ಹೆಚ್ಚು ಹೋಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ರಾತ್ರಿ ರೂಮಿಗೆ ಬಂದ ಮೇಲೆ ಮಲಗುವ ಮೊದಲು ಪ್ರತಿ ಕಾರ್ಡ್ ಹಿಂದೆ ಬರೆದಿಟ್ಟೆ: ಯಾವ ಬಟ್ಟೆ, ಪನ್ನ, ರೇಟ್, ಯಾವ ಮನೆಗೆ. ಮರುದಿನಕ್ಕೆ ಬಿಟ್ಟರೆ ಎಲ್ಲ ಕಲಸಿಹೋಗುತ್ತದೆ.

ಊರಿಗೆ ಬಂದು ಸ್ಯಾಂಪಲ್ ಮೇಲೆ ಅಳಿಸದ ಪೆನ್ನಿನಿಂದ 20 ಸೆಂಟಿಮೀಟರ್ ಚೌಕ ಬರೆದೆ. ಮಂಡ್ಯದ ಮನೆಗೆ ಕೊಟ್ಟು, ಅವರ ನೀರಿನಲ್ಲೇ, ಅವರ ಮೆಷಿನ್‌ನಲ್ಲೇ ಒಗೆಯಲು ಹೇಳಿದೆ. ಒಣಗಿದ ಮೇಲೆ ಮತ್ತೆ ಅಳೆದೆವು. ಲಿನನ್ 19ಕ್ಕೆ ಇಳಿದಿತ್ತು. ಅಂದರೆ ನೂರಕ್ಕೆ ಐದು. ಎಂಟು ಅಡಿ ಪರದೆ ಹತ್ತಿರ ಹತ್ತಿರ ಐದು ಇಂಚು ಮೇಲೆ ಹೋಗುತ್ತದೆ, ಕಣಕಾಲು ಕಾಣುವ ಪ್ಯಾಂಟ್ ಹಾಗೆ. ಕಣ್ಣೂರಿನ ಹತ್ತಿ ಕೂಡ ಸ್ವಲ್ಪ ಇಳಿಯಿತು, ಆದರೆ ಬಣ್ಣ ಬಿಡಲಿಲ್ಲ, ಒಗೆದ ಮೇಲೆ ಇನ್ನೂ ಮೆತ್ತಗಾಯಿತು. ಆ ಅಮ್ಮ ಅದನ್ನೇ ಆರಿಸಿದರು. ಹೊಲಿಯುವ ಮೊದಲು ಇಡೀ ಥಾನನ್ನು ನೀರಿಗೆ ಹಾಕಿ ಒಣಗಿಸಿ ಅಂತ ಟೈಲರ್‌ಗೆ ಹೇಳಿದೆ, ಕೆಳಗೆ ನಾಲ್ಕು ಇಂಚು ಮಡಿಕೆ ಇಡಿಸಿದೆ. ಎಲ್ಲ ಕಿಟಕಿಗೂ ಒಂದೇ ಲಾಟ್‌ನ, ಅಂದರೆ ಒಟ್ಟಿಗೆ ಬಣ್ಣ ಹಾಕಿದ, ಬಟ್ಟೆ ತರಿಸಿದೆ, ಜೊತೆಗೆ ಒಂದು ಪರದೆಗೆ ಆಗುವಷ್ಟು ಹೆಚ್ಚಿಗೆ. ಬೇರೆ ಲಾಟ್‌ನಲ್ಲಿ ಶೇಡ್ ಕೂಡುವುದಿಲ್ಲ, ಆಮೇಲೆ ಕೇಳಿದರೆ ಅದೇ ಬಣ್ಣ ಸಿಗುತ್ತದೆ ಅನ್ನುವ ಭರವಸೆ ಇಲ್ಲ.